ಕೇಳಿಸುತ್ತಿತ್ತು: ಕಟ್ಟುಹಾವಿನ ಕಡಿತ, ಗಂಟಲಿನ ಟ್ಯೂಬ್ ಮತ್ತು ಎಚ್ಚರವಾಗಿದ್ದ ಒಬ್ಬ ರೋಗಿ

ಈ ಪ್ರಕರಣದಲ್ಲಿ ರೋಗಿಯ ಗಂಟಲಿಗೆ ಟ್ಯೂಬ್ ಹಾಕಿದವಳು ನಾನೇ. ಹಾಗಾಗಿ ದೂರ ನಿಂತು ಬರೆಯುವ ಅನುಕೂಲ ನನಗಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ತೆಗೆದು ಬರೆಯುತ್ತಿದ್ದೇನೆ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಆಲೆಮನೆಯವರು ಎನ್ನುತ್ತಿದ್ದರು, ಇಲ್ಲಿಯೂ ಹಾಗೆಯೇ ಇರಲಿ. ವಯಸ್ಸು ಮೂವತ್ತರ ಮೇಲೆ, ಹಳೇ ಮೈಸೂರು ಸೀಮೆಯ ಕಬ್ಬಿನ ಊರು. ಓದು ಏಳನೇ ತರಗತಿಯವರೆಗೆ, ಕೆಲಸ ಬೆಲ್ಲದ ಕೊಪ್ಪರಿಗೆಯ ಮುಂದೆ. ಹಿಂದೆ ಯಾವ ಕಾಯಿಲೆಯೂ ಇರಲಿಲ್ಲ.

ರಾತ್ರಿ ಎರಡರ ಹೊಟ್ಟೆನೋವು

ಮಳೆಗಾಲದ ಕೊನೆ. ಆಲೆಮನೆಯ ಪಕ್ಕ, ಒಣಗಲು ಹಾಕಿದ ಕಬ್ಬಿನ ಸಿಪ್ಪೆಯ ರಾಶಿಯ ಹತ್ತಿರ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ರಾತ್ರಿ ಎರಡರ ಸುಮಾರಿಗೆ ಹೊಟ್ಟೆ ಹಿಂಡಿದಂತಾಗಿ ಎಚ್ಚರವಾಯಿತು. ಎರಡು ಸಲ ವಾಂತಿ. ರಾತ್ರಿ ತಿಂದ ಮುದ್ದೆ, ಬಾಡಿನ ಸಾರು ಸರಿಹೋಗಲಿಲ್ಲ ಎಂದುಕೊಂಡು ಸೋಡಾ ಕುಡಿದು ಮತ್ತೆ ಮಲಗಿದರು. ನಾಲ್ಕು ಗಂಟೆಗೆ ಅಣ್ಣ ಎಬ್ಬಿಸಿದಾಗ ಕಣ್ಣು ಅರ್ಧಕ್ಕಿಂತ ಮೇಲೆ ತೆರೆಯಲಿಲ್ಲ. ಮಾತು ಮೂಗಿನಲ್ಲಿ ಬರುತ್ತಿತ್ತು. ಕುಡಿದಿದ್ದಾನೆ ಎಂದು ಮನೆಯವರು ಬೈದರಂತೆ.

ಕಟ್ಟುಹಾವು (ಕೆಲವು ಕಡೆ ಕಡಂಬಳ ಎನ್ನುತ್ತಾರೆ) ಕಚ್ಚಿದವರ ಕಥೆ ಬಹುತೇಕ ಹೀಗೆಯೇ ಶುರುವಾಗುತ್ತದೆ. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರ ಹತ್ತಿರ ಬರುತ್ತದೆ. ಹಲ್ಲು ಸಣ್ಣದು. ಕಚ್ಚಿದ ಜಾಗದಲ್ಲಿ ಊತವಿಲ್ಲ, ಉರಿಯಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ಕೊಳಕುಮಂಡಲ ಕಚ್ಚಿದರೆ ಕಾಲು ಬಾತು ಕೂಗಿಸುತ್ತದೆ, ಜನ ಓಡಿ ಬರುತ್ತಾರೆ. ಇದು ಕಚ್ಚಿದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗುತ್ತಾರೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯರು ಚುರುಕಿನವರು. ಜೋಲು ರೆಪ್ಪೆ ನೋಡಿದವರೇ ತಲೆ ದಿಂಬಿನಿಂದ ಎತ್ತಿ ಎಂದರು, ಕತ್ತು ನಿಲ್ಲಲಿಲ್ಲ. ಒಂದೇ ಉಸಿರಿನಲ್ಲಿ ಎಣಿಸಿ ಎಂದರು, ಹದಿನಾಲ್ಕಕ್ಕೆ ನಿಂತಿತು. ಗುರುತು ಹುಡುಕುತ್ತ ಕೂರದೆ ಹಾವಿನ ವಿಷಕ್ಕೆ ಕೊಡುವ ಎ.ಎಸ್.ವಿ. ಹತ್ತು ವಯಲ್ ಶುರು ಮಾಡಿದರು. ಜೊತೆಗೆ ನಿಯೋಸ್ಟಿಗ್ಮಿನ್, ಅಟ್ರೋಪಿನ್ ಕೊಟ್ಟು ನೋಡಿದರು, ಫಲವಿಲ್ಲ. ಎಣಿಕೆ ಆರಕ್ಕೆ ಇಳಿದಾಗ 108 ಹತ್ತಿಸಿ ನಮ್ಮಲ್ಲಿಗೆ ಕಳಿಸಿದರು. ದಾರಿಯಲ್ಲಿ ಉಸಿರು ಸಾಲದಾದಾಗ ಆಂಬುಲೆನ್ಸ್ ಸಿಬ್ಬಂದಿ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದರು, ಅಣ್ಣ ಅದಕ್ಕೆ ಗಾಳಿ ಊದುವ ಅಂಬು ಬ್ಯಾಗ್ ಹಿಸುಕುತ್ತಾ ಬಂದರು.

ಬೆಳಿಗ್ಗೆ ಎಂಟು ಇಪ್ಪತ್ತು

ನಮ್ಮ ತುರ್ತು ಚಿಕಿತ್ಸಾ ಕೊಠಡಿಗೆ ಬಂದಾಗ ಆಮ್ಲಜನಕದ ಮಟ್ಟ 84. ಕಣ್ಣು ಮುಚ್ಚಿತ್ತು. ಕರೆದರೆ ಓಗೊಡಲಿಲ್ಲ, ಎದೆಯ ಮೂಳೆ ಒತ್ತಿದರೆ ಕೈ ಕಾಲು ಅಲುಗಲಿಲ್ಲ. ದವಡೆ ಸಡಿಲ. ನಾನು ಚೀಟಿಯಲ್ಲಿ ಬರೆದದ್ದು: ಜಿಸಿಎಸ್ 3. ಅಂದರೆ ಪ್ರಜ್ಞೆಯ ಅಳತೆಯಲ್ಲಿ ಅದಕ್ಕಿಂತ ಕೆಳಗೆ ಅಂಕಿಯಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಮಾಮೂಲಿಯಾಗಿ ಇಂಟ್ಯುಬೇಶನ್, ಅಂದರೆ ಗಂಟಲಿಗೆ ಟ್ಯೂಬ್ ಹಾಕುವ ಕೆಲಸ, ಮಾಡುವಾಗ ನಾವು ಎರಡು ಬಗೆಯ ಔಷಧಿ ಕೊಡುತ್ತೇವೆ. ಒಂದು ನಿದ್ದೆ ಬರಿಸುವಂಥದ್ದು: ಕೆಟಮಿನ್, ಪ್ರೊಪೊಫಾಲ್, ಎಟೊಮಿಡೇಟ್, ಇವುಗಳಲ್ಲೊಂದು. ಇನ್ನೊಂದು ಸ್ನಾಯು ಸಡಿಲಿಸುವಂಥದ್ದು: ಸಕ್ಸಿನೈಲ್ಕೋಲಿನ್ ಅಥವಾ ರೊಕುರೋನಿಯಂ. ಎರಡನೆಯದರಿಂದ ಮೈ ಮರದ ಕೊರಡಾಗುತ್ತದೆ, ನಿದ್ದೆ ಮಾತ್ರ ಬರುವುದಿಲ್ಲ. ಇದನ್ನು 1940ರ ದಶಕದಲ್ಲಿ ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯ ತನ್ನ ಮೈ ಮೇಲೆಯೇ ಪ್ರಯೋಗ ಮಾಡಿಸಿಕೊಂಡು ತೋರಿಸಿದ. ನಿದ್ದೆಯ ಮದ್ದು ಬೇಡವೆಂದು, ಸ್ನಾಯು ಸಡಿಲಿಸುವ ಕ್ಯುರಾರೆಯನ್ನಷ್ಟೇ ಚುಚ್ಚಿಸಿಕೊಂಡ. ಉಸಿರಾಟವೂ ನಿಂತು ಕೃತಕವಾಗಿ ಗಾಳಿ ಕೊಡಬೇಕಾಯಿತು. ಆಮೇಲೆ ಎದ್ದು, ತನಗೆ ಪೂರ್ತಿ ಎಚ್ಚರವಿತ್ತು, ಸುತ್ತ ನಡೆದದ್ದೆಲ್ಲ ಗೊತ್ತಿದೆ ಎಂದ. ನಾವೆಲ್ಲ ಪಿ.ಜಿ. ಓದುವಾಗ ಪರೀಕ್ಷೆಗೆ ಬರೆದ ಉತ್ತರ ಇದು.

ಕಟ್ಟುಹಾವಿನ ವಿಷ ಕೆಲಸ ಮಾಡುವುದೂ ಅದೇ ಜಾಗದಲ್ಲಿ, ನರ ಮತ್ತು ಸ್ನಾಯು ಕೂಡುವ ಸಂದಿಯಲ್ಲಿ. ಅದರಲ್ಲಿರುವ ಬೀಟಾ ಬಂಗಾರೊಟಾಕ್ಸಿನ್ ನರದ ತುದಿಯನ್ನೇ ಹಾಳು ಮಾಡುತ್ತದೆ. ಮೆದುಳಿಗೆ ಅದರ ಸೋಂಕಿಲ್ಲ. ಸರಳವಾಗಿ ಹೇಳುವುದಾದರೆ, ನಮ್ಮ ಎರಡನೇ ಇಂಜೆಕ್ಷನನ್ನು ಹಾವು ಆಗಲೇ ಕೊಟ್ಟಾಗಿತ್ತು. ಮೊದಲನೆಯದನ್ನು ಕೊಡುವುದು ನಮ್ಮ ಪಾಲಿಗಿತ್ತು.

ನಾನು ಕೊಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೌಸ್ ಸರ್ಜನ್ ಹುಡುಗನಿಗೆ ಹೇಳಿದೆ: "ಔಷಧಿ ಏನೂ ಬೇಡ, ದವಡೆ ಲೂಸಾಗಿದೆ. ಒಳ್ಳೇ ಚಾನ್ಸು, ನೀನೇ ಹಾಕು."

ಅವನು ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಾಗಿದ ಬ್ಲೇಡನ್ನು ಬಾಯಿಯ ಬಲಗಡೆಯಿಂದ ಹಾಕಿ, ನಾಲಿಗೆಯನ್ನು ಎಡಕ್ಕೆ ತಳ್ಳಿದ. ಧ್ವನಿಪೆಟ್ಟಿಗೆ ಕಾಣಲಿಲ್ಲ. ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಡಿದ, ಮೇಲಕ್ಕೆ ಎತ್ತುವ ಬದಲು ಮೇಲಿನ ಹಲ್ಲಿನ ಮೇಲೆ ಒತ್ತು ಕೊಟ್ಟು ಹಿಂದಕ್ಕೆ ಮಡಿಸಿದ. "ಹಲ್ಲು ಜೋಪಾನ ಕಣೋ" ಎಂದೆ. ಅರ್ಧ ನಿಮಿಷ ನೋಡಿ, ಮತ್ತೆ ಮಾಸ್ಕಿನಲ್ಲಿ ಗಾಳಿ ಕೊಟ್ಟು, ಎರಡನೇ ಸಲ ನಾನೇ ಹಾಕಿದೆ. ಎಂಟು ಮಿಲಿಮೀಟರಿನ ಟ್ಯೂಬು, ಇಪ್ಪತ್ತೆರಡು ಸೆಂಟಿಮೀಟರಿಗೆ ಹಲ್ಲಿನ ಹತ್ತಿರ ಪ್ಲಾಸ್ಟರ್ ಹಾಕಿ ಬಿಗಿ. ಶ್ವಾಸನಾಳದೊಳಗೆ ಅದರ ತುದಿಯ ಪುಟ್ಟ ಬಲೂನಿಗೆ ಗಾಳಿ ತುಂಬಿದ್ದಾಯಿತು. ಎದೆಯ ಎರಡೂ ಬದಿ ಸಮವಾಗಿ ಏರಿದವು, ಆಮ್ಲಜನಕ 99ಕ್ಕೆ ಬಂತು. ದಾಖಲೆಯಲ್ಲಿ ಇದು ಯಶಸ್ವಿ ಇಂಟ್ಯುಬೇಶನ್.

ಮೊದಲ ಎರಡು ದಿನ

ಇನ್ನೂ ಹತ್ತು ವಯಲ್ ಎ.ಎಸ್.ವಿ. ಕೊಟ್ಟೆವು. ಅದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ, ನರದ ತುದಿಯನ್ನು ಆಗಲೇ ಹೊಕ್ಕು ಕೂತದ್ದನ್ನು ಎಬ್ಬಿಸಲಾರದು. ತುದಿ ಹೊಸದಾಗಿ ಚಿಗುರಬೇಕು. ಅದಕ್ಕೆ ದಿನಗಳು ಬೇಕು, ಕೆಲವರಿಗೆ ವಾರಗಳು. ಅಲ್ಲಿಯವರೆಗೆ ವೆಂಟಿಲೇಟರೇ ಮದ್ದು.

ನಮ್ಮ ಜನಕ್ಕೆ ವೆಂಟಿಲೇಟರ್ ಎಂದರೆ ಬೇರೆಯದೇ ಅರ್ಥ. ಕೋವಿಡ್ ಆದ ಮೇಲಂತೂ "ವೆಂಟಿಲೇಟರ್ ಹಾಕವ್ರೆ" ಎಂದರೆ ಊರಿನಲ್ಲಿ ಚಟ್ಟಕ್ಕೆ ಬಿದಿರು ಹುಡುಕುತ್ತಾರೆ. ಎಷ್ಟು ಹೇಳಿದರೂ ಐಸಿಯು ಬಾಗಿಲಲ್ಲಿ ಆ ಭಯ ಕರಗುವುದಿಲ್ಲ.

ಎರಡನೇ ದಿನ ಕಣ್ಣಿನ ಪಾಪೆಗಳು ಅಗಲವಾಗಿ, ಬೆಳಕಿಗೆ ಕುಗ್ಗದೆ ನಿಂತವು. ಕಟ್ಟುಹಾವಿನ ವಿಷದಲ್ಲಿ ಇದೂ ಆಗುತ್ತದೆ, ಪಾಪೆ ಕುಗ್ಗಿಸುವ ನರವೂ ಸೋಲುತ್ತದೆ. ಆದರೆ ರೌಂಡ್ಸಿನಲ್ಲಿ ಯಾರೋ ಟಾರ್ಚು ಆರಿಸುತ್ತಾ "ಬ್ರೇನ್ ಡೆಡ್ ಥರಾನೇ ಇದೆ" ಅಂದರು. ಹಾಸಿಗೆಯ ಪಕ್ಕದಲ್ಲೇ ಅಂದರು. ಅದು ಬಾಗಿಲವರೆಗೆ ಹೋಗುವಷ್ಟರಲ್ಲಿ "ಥರಾನೇ" ಬಿದ್ದುಹೋಗಿತ್ತು.

ಕಾನೂನು ಈ ವಿಷಯದಲ್ಲಿ ಎಚ್ಚರದಿಂದಿದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡದ ಸಾವು ಎಂದು ಬರೆಯಲು ನಾಲ್ವರು ವೈದ್ಯರ ಸಮಿತಿ ಬೇಕು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆಯಾಗಬೇಕು, ಸ್ನಾಯು ಸೋಲಿಸುವ ಔಷಧ, ವಿಷದಂಥ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು. ನಾವು ಅಂಥ ಯಾವ ಕಾಗದಕ್ಕೂ ಕೈ ಹಾಕಿರಲಿಲ್ಲ. ಬಾಯಿಮಾತಿಗೆ ಕಾಗದ ಬೇಕಿಲ್ಲವಲ್ಲ.

ಆ ಸಂಜೆ ಭೇಟಿಯ ಹೊತ್ತಿನಲ್ಲಿ ಮನೆಯವರು ಹಾಸಿಗೆಯ ಸುತ್ತ ನಿಂತು ಮಾತಾಡಿದರು. ಭಾವಮೈದ ಊರಿಗೆ ಒಯ್ಯೋಣ, ಮನೆಯಲ್ಲೇ ಪ್ರಾಣ ಹೋಗಲಿ ಎಂದರಂತೆ. ಅಣ್ಣ ತಮ್ಮನ ಪಾದ ಹಿಡಿದು ನೋಡಿ, "ಮೈ ಬೆಚ್ಚಗದೆ. ನಾ ಬುಡಕಿಲ್ಲ" ಎಂದರು. ಯಾವ ವೈದ್ಯಶಾಸ್ತ್ರವೂ ಗೊತ್ತಿಲ್ಲದ ಆ ಮನುಷ್ಯ ಅಂದು ನಮ್ಮೆಲ್ಲರಿಗಿಂತ ಸರಿಯಾಗಿದ್ದರು.

ಎಡಗಾಲಿನ ಹೆಬ್ಬೆರಳು

ಮೂರನೇ ದಿನ ಬೆಳಗಿನ ಜಾವ ಹಿರಿಯ ಸಿಸ್ಟರ್ ಸಕ್ಷನ್ ಮಾಡುತ್ತಿದ್ದರು. ಟ್ಯೂಬಿನೊಳಗೆ ತೆಳ್ಳನೆಯ ನಳಿಕೆ ಇಳಿಸಿ ಕಫ ಎಳೆಯುವ ಕೆಲಸ, ಹತ್ತು ಹದಿನೈದು ಸೆಕೆಂಡಿನದು. ನಳಿಕೆ ಇಳಿದಾಗಲೆಲ್ಲ ಎದೆಬಡಿತ 88ರಿಂದ 130ಕ್ಕೆ ಹಾರುತ್ತಿತ್ತು. ಅದೊಂದೇ ಆಗಿದ್ದರೆ ಲೆಕ್ಕಕ್ಕಿಲ್ಲ, ಈ ವಿಷದಲ್ಲಿ ಎದೆಬಡಿತ ಸುಮ್ಮನೆಯೂ ಏರಿಳಿಯುತ್ತದೆ. ಆದರೆ ಮುಚ್ಚಿದ ರೆಪ್ಪೆಯ ಕೊನೆಯಿಂದ ನೀರು ಕಿವಿಯ ಕಡೆ ಇಳಿದಿತ್ತು. ಸಿಸ್ಟರ್ ಒರೆಸಿದರು, ಮತ್ತೆ ಬಂತು.

ನನಗೆ ಫೋನ್ ಮಾಡಿ, "ಮೇಡಂ, ಇವ್ರಿಗೆ ಗೊತ್ತಾಗ್ತಿದೆ ಅನ್ಸುತ್ತೆ" ಎಂದರು. ನಾನು ಬಂದು ಕಿವಿಯ ಹತ್ತಿರ ಬಾಗಿ, ಕೇಳಿಸುತ್ತಿದ್ದರೆ ಎಲ್ಲಿ ಆಗುತ್ತೋ ಅಲ್ಲಿ ಅಲುಗಾಡಿಸಿ ಎಂದೆ. ಕೈ ನೋಡಿದೆ, ಹುಬ್ಬು ನೋಡಿದೆ, ಏನಿಲ್ಲ. ಸಿಸ್ಟರ್ ಹೊದಿಕೆ ಸರಿಸಿ ಪಾದ ನೋಡುತ್ತಿದ್ದರು. ಎಡಗಾಲಿನ ಹೆಬ್ಬೆರಳು ಅಕ್ಕಿಕಾಳಿನಷ್ಟು ಮೇಲೆದ್ದು ಇಳಿಯಿತು. ಎರಡು ಸಲ ಆಡಿಸಿ ಎಂದೆ. ಎರಡು ಸಲ ಆಡಿತು.

ಐಸಿಯುನಲ್ಲಿ ಇಂಗ್ಲಿಷ್ ಅಕ್ಷರಗಳ ಹಲಗೆಯೊಂದಿತ್ತು, ಕನ್ನಡ ಶಾಲೆಯಲ್ಲಿ ಏಳರವರೆಗೆ ಓದಿದವರಿಗೆ ಅದು ಯಾವ ಉಪಯೋಗಕ್ಕೆ? ಮಧ್ಯಾಹ್ನ ಸಿಸ್ಟರ್ ಆಸ್ಪತ್ರೆ ಎದುರಿನ ಅಂಗಡಿಯಿಂದ ಮಕ್ಕಳ ಅಕ್ಷರಮಾಲೆಯ ಚಾರ್ಟು ತಂದರು, ಅರಸನ ಚಿತ್ರ, ಆನೆಯ ಚಿತ್ರ ಇರುವಂಥದ್ದು. ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ, ವರ್ಣಮಾಲೆ ಮೊದಲೇ ಸಾಲು ಸಾಲಾಗಿ ಕೂತಿದೆ. ಅವರಿಗೆ ಕಣ್ಣು ಬಿಡಲಾಗದ ಕಾರಣ ನಾವೇ ಓದಿದೆವು. ಸ್ವರವೇ? ಕ ಸಾಲೇ? ಚ ಸಾಲೇ? ಪ ಸಾಲು ಎಂದಾಗ ಬೆರಳಾಡಿತು. ಪ, ಫ, ಬ. ಬೆರಳು. ಆಮೇಲೆ ಕಾಗುಣಿತ: ಬ, ಬಾ, ಬಿ, ಬೀ... ಬೆ ಎಂದಾಗ ಬೆರಳು. ಮತ್ತೆ ಸಾಲು, ತ ಸಾಲಿನ ಕೊನೆಯಲ್ಲಿ ನ.

"ಬೆನ್ನಾ?" ಎಂದರು ಸಿಸ್ಟರ್. ಬೆರಳು ಮೂರು ನಾಲ್ಕು ಸಲ ಆಡಿತು.

ನಾಲ್ಕು ಜನ ಸೇರಿ ಮಗ್ಗುಲಿಗೆ ಹೊರಳಿಸಿದೆವು. ಬಲ ಭುಜದ ಮೂಳೆಯ ಕೆಳಗೆ, ಬೆಡ್‌ಶೀಟಿನ ಮಡಿಕೆಯಲ್ಲಿ, ಇಂಜೆಕ್ಷನ್ ಸೂಜಿಯ ಪ್ಲಾಸ್ಟಿಕ್ ಮುಚ್ಚಳ. ಚರ್ಮದಲ್ಲಿ ಅದರ ಪಡಿಯಚ್ಚು ಕೆಂಪಗೆ ಮೂಡಿತ್ತು. ನಡುವೆ ಎಷ್ಟೋ ಸಲ ಹೊರಳಿಸಿದ್ದೆವು, ಅಷ್ಟು ಸಲವೂ ಅದು ಶೀಟಿನ ಜೊತೆಗೇ ಸರಿದು ಮತ್ತೆ ಅಲ್ಲಿಗೇ ಬಂದಿರಬೇಕು. ಯಾವಾಗಿನದೋ ಗೊತ್ತಿಲ್ಲ.

ಅಲ್ಲಿಂದ ಚಿಕಿತ್ಸೆಯ ರೀತಿ ಬದಲಾಯಿತು. ರಾತ್ರಿ ನಿದ್ದೆಗೆ ಮಿಡಜೋಲಂ, ಸಕ್ಷನ್‌ಗೆ ಮುಂಚೆ ನೋವು ತಗ್ಗಿಸಲು ಸ್ವಲ್ಪ ಫೆಂಟನಿಲ್. ಏನೇ ಮಾಡುವುದಿದ್ದರೂ ಮೊದಲು ಹೇಳುವುದು. ಕಣ್ಣು ಒಣಗದಿರಲಿ ಎಂದು ರೆಪ್ಪೆಗೆ ಪ್ಲಾಸ್ಟರ್ ಹಾಕುತ್ತಿದ್ದೆವು, ಅದು ಬೇಡವೆಂದು ಬೆರಳಲ್ಲಿ ತಿಳಿಸಿದರು. ಬರಿಯ ಜೆಲ್ ಹಚ್ಚಿದೆವು. ಏಳನೇ ದಿನ ತಲೆ ದಿಂಬಿನಿಂದ ಎದ್ದು ಐದು ಸೆಕೆಂಡು ನಿಂತಿತು. ಒಂಬತ್ತನೇ ದಿನ, ತಾವೇ ಉಸಿರಾಡುತ್ತಾ, ಕೆಮ್ಮಲು ಶಕ್ತಿ ಬಂದ ಮೇಲೆ ಬಲೂನಿನ ಗಾಳಿ ತೆಗೆದು ಟ್ಯೂಬ್ ಎಳೆದೆವು. ಹಾವನ್ನು ಯಾರೂ ನೋಡಲಿಲ್ಲ, ಕಡಿತದ ಗುರುತು ಕೊನೆಗೂ ಸಿಗಲಿಲ್ಲ. 2024ರ ಫೆಬ್ರುವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ. ನಮ್ಮ ವರದಿ ಲಕ್ಷಣಗಳ ಮೇಲೆ ಮಾತ್ರ ನಿಂತದ್ದು.

ಅವರು ಹೇಳಿದ್ದು

ಡಿಸ್ಚಾರ್ಜ್ ಆಗಿ ಮೂರು ವಾರಕ್ಕೆ ಓಪಿಡಿಗೆ ಬಂದರು, ಪೇಪರಿನಲ್ಲಿ ಸುತ್ತಿದ ಎರಡು ಅಚ್ಚು ಬೆಲ್ಲದ ಜೊತೆ. ದನಿ ಇನ್ನೂ ಒಡೆದಂತಿತ್ತು. ಬಾಗಿಲ ಹೊರಗೆ ಯಾರೋ ಮಾತಾಡಿದ್ದು ಕೇಳಿ "ಸಿಸ್ಟರಮ್ಮ ಬಂದ್ರು" ಎಂದರು. ಮುಖಕ್ಕಿಂತ ಮೊದಲು ದನಿಗಳೇ ಅವರಿಗೆ ಪರಿಚಯ. ಒಂದೂವರೆ ಗಂಟೆ ಕೂರಿಸಿಕೊಂಡು ಕೇಳಿದೆ.

ನಾನು ಎದುರು ನೋಡಿದ್ದು ಟ್ಯೂಬಿನ ದೂರು. ಅವರು ಟ್ಯೂಬಿನ ಪರವಾಗಿಯೇ ಮಾತಾಡಿದರು. ಎಲ್ಲಕ್ಕಿಂತ ಕೆಟ್ಟದ್ದು ಆಂಬುಲೆನ್ಸಿನ ಹೊತ್ತಂತೆ. ಗಾಳಿ ಎಳೆಯಬೇಕು ಅನ್ನಿಸುತ್ತದೆ, ಎದೆ ಏಳುವುದಿಲ್ಲ. "ಟೂಬ್ ಒಳಕ್ಕೋಗಿ ಮೊದಲ್ನೇ ಗಾಳಿ ಬಂತಲ್ಲ ಮೇಡಮ್ಮೋರೆ, ಆವಾಗ ಜೀವ ಬಂದಂಗಾಯ್ತು." ಆಮೇಲೆ ಅದು ನೋವು ಎನ್ನುವುದಕ್ಕಿಂತ ಕಾಟ. "ಗಂಟಲಲ್ಲಿ ಮುದ್ದೆ ಸಿಕ್ಕಾಕೊಂಡಂಗೆ. ನುಂಗನ ಅಂದ್ರೆ ನುಂಗಕಾಗಕಿಲ್ಲ, ಉಗಿಯನ ಅಂದ್ರೆ ಉಗಿಯಕಾಗಕಿಲ್ಲ." ಯಂತ್ರದ ಉಸಿರು ತನ್ನ ಲೆಕ್ಕಕ್ಕೆ ಬರುತ್ತದೆ, ಬೇಕು ಎಂದಾಗ ಇಲ್ಲ, ಬೇಡ ಎಂದಾಗ ನುಗ್ಗುತ್ತದೆ. ಎರಡನೇ ದಿನಕ್ಕೆ ಅದಕ್ಕೆ ತಾವೇ ತಾಳ ಹಾಕಿಕೊಂಡರಂತೆ, ಗಾಣದ ಎತ್ತಿನ ಹೆಜ್ಜೆಗೆ ಹಾಕಿದ ಹಾಗೆ. ಸಕ್ಷನ್ ಮಾತ್ರ ಒಗ್ಗಲೇ ಇಲ್ಲ. ಹೊಟ್ಟೆಯೊಳಗಿನ ಉಸಿರನ್ನೂ ಎಳೆದುಕೊಂಡ ಹಾಗೆ, ಅಂದರು.

ಕೂಗಬೇಕು ಎಂದು ಒಳಗೇ ಕೂಗಿದ್ದು ಎಷ್ಟೋ ಸಲ. ಮೈ ಸೋಲದಿದ್ದರೂ ದನಿ ಬರುತ್ತಿರಲಿಲ್ಲ ಎಂದು ವಿವರಿಸಿದೆ: ಟ್ಯೂಬ್ ಹೋಗುವುದು ಸ್ವರತಂತುಗಳ ನಡುವೆ, ಗಾಳಿ ಅವುಗಳನ್ನು ಮುಟ್ಟುವುದೇ ಇಲ್ಲ. ತಲೆಯಾಡಿಸಿದರು. ಈ ಮಾತನ್ನು ಆವತ್ತೇ ಯಾರಾದರೂ ಹೇಳಿದ್ದರೆ ಗಂಟಲು ಹೋಯಿತೆಂಬ ಹೆದರಿಕೆಯೊಂದು ಕಡಿಮೆಯಾಗುತ್ತಿತ್ತಂತೆ.

ನೋಡಲು ಸಿಕ್ಕಿದ್ದು ಟಾರ್ಚು. ಪಾಪೆ ಪರೀಕ್ಷೆಗೆ ನಾವು ರೆಪ್ಪೆ ಎತ್ತಿದ ಆ ಎರಡು ಮೂರು ಸೆಕೆಂಡಿನಲ್ಲಿ ಬೆಳಕಿನ ಹಿಂದೆ ಫ್ಯಾನು, ಯಾರದೋ ಮಾಸ್ಕು ಕಾಣುತ್ತಿತ್ತಂತೆ. ದಿನಕ್ಕೆ ಕೆಲವೇ ಸಲ ಸಿಗುವ ಆ ನೋಟಕ್ಕೆ ಕಾಯುತ್ತಿದ್ದರು. ಪ್ಲಾಸ್ಟರ್ ಬೇಡವೆಂದದ್ದು ಏಕೆಂದು ಆಗ ತಿಳಿಯಿತು.

ಎಲ್ಲವೂ ಸ್ಪಷ್ಟ ನೆನಪೇನಲ್ಲ. ವೆಂಟಿಲೇಟರಿನ ಕೊಳವೆಯಲ್ಲಿ ನೀರು ಸೇರಿ ಗುಳುಗುಳು ಅನ್ನುತ್ತದೆ. ಅವರಿಗೆ ಅದು ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸದ್ದು. ಒಲೆಯ ಪಕ್ಕದಲ್ಲೇ ಮಲಗಿಸಿದ್ದಾರೆ, ಯಾರೋ ಸಿಪ್ಪೆ ಒಡ್ಡುತ್ತಲೇ ಇದ್ದಾರೆ, ಪಾಕ ಉಕ್ಕಿ ಮೈ ಮೇಲೆ ಬೀಳುತ್ತದೆ ಎಂದು ಒಂದು ರಾತ್ರಿಯಿಡೀ ನಂಬಿದ್ದರು. ಐಸಿಯುನಲ್ಲಿ ಇಂಥ ಭ್ರಮೆ ಬಹಳ ಜನಕ್ಕೆ ಆಗುತ್ತದೆ. ಎಚ್ಚರ, ಕನಸು, ಔಷಧಿ, ನಿದ್ದೆಗೆಟ್ಟ ತಲೆ ಎಲ್ಲ ಕಲಸಿಕೊಂಡಿರುತ್ತವೆ. ಹಾಗಾಗಿ ಮಿಕ್ಕದ್ದರಲ್ಲೂ ಎಷ್ಟು ನಿಜ ಎಂಬ ಅನುಮಾನ ನನಗಿತ್ತು.

ಅನುಮಾನ ಉಳಿಯಲು ಅವರು ಬಿಡಲಿಲ್ಲ. ಭಾವಮೈದನ ಮಾತನ್ನು ಇದ್ದ ಹಾಗೆ ಹೇಳಿದರು, ಅಣ್ಣ ಕಾಲು ಹಿಡಿದದ್ದನ್ನೂ. ಆಮೇಲೆ ನನ್ನನ್ನು ನೋಡಿ, ದೂರೇನೂ ಇಲ್ಲದ ದನಿಯಲ್ಲಿ, "ಒಳ್ಳೇ ಚಾನ್ಸು, ನೀನೇ ಹಾಕು ಅಂದೋರು ನೀವೇ ಅಲ್ವಾ?" ಎಂದರು. ಬಾಯಿ ತೆರೆದು ಮೇಲಿನ ಮುಂದಿನ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದರು. ಸ್ವಲ್ಪ ಅಲುಗುತ್ತಿತ್ತು.

ಹೌದು, ನಾನೇ ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಅವರಿಗೆ ಏನು ಮಾಡಬೇಕೋ ತೋಚಲಿಲ್ಲ, "ಅಯ್ಯೋ, ಬುಡಿ ಮೇಡಮ್ಮೋರೆ" ಎಂದು ಬೆಲ್ಲದ ಪೊಟ್ಟಣ ಮುಂದೆ ತಳ್ಳಿದರು. ಹಲ್ಲಿಗೆ ದಂತ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ.

ಈಗ ನಮ್ಮಲ್ಲಿ ಹಾವಿನ ವಿಷದಿಂದ ಸೋತು ಬಂದವರಿಗೆ, ಜಿಸಿಎಸ್ ಎಷ್ಟೇ ಇರಲಿ, ಬ್ಲೇಡು ಬಾಯಿಗೆ ಹೋಗುವ ಮುಂಚೆ ಕೆಟಮಿನ್ ಹೋಗುತ್ತದೆ. ರಕ್ತದೊತ್ತಡ ಬಿದ್ದಿದ್ದರೆ ಪ್ರಮಾಣ ತಗ್ಗಿಸುತ್ತೇವೆ, ಬಿಡುವುದಿಲ್ಲ. ಹಾಸಿಗೆಯ ತಲೆಯ ಮೇಲೆ "ಇವರಿಗೆ ಕೇಳಿಸುತ್ತದೆ" ಎಂದು ಸಿಸ್ಟರ್ ಕೈಬರಹದ ಕಾಗದ ಅಂಟುತ್ತದೆ. ಆ ಹೌಸ್ ಸರ್ಜನ್ ಈಗ ಪಿ.ಜಿ. ಸೇರಿದ್ದಾನೆ, ಅರಿವಳಿಕೆ ವಿಭಾಗಕ್ಕೇ.

ಮೂರು ತಿಂಗಳ ಬಳಿಕ ಹೆಂಡತಿಯ ಜೊತೆ ಮತ್ತೆ ಬಂದಿದ್ದರು. ಮಂಚ ಮಾಡಿಸಿದ್ದಾರೆ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸುತ್ತ ಸಿಕ್ಕಿಸಿಯೇ ಮಲಗುತ್ತಾರೆ. ಕೆಲಸಕ್ಕೆ ಹೋಗುತ್ತಾರೆ, ಆದರೆ ಕೊಪ್ಪರಿಗೆಯ ಮುಂದಿನ ಕೆಲಸ ಬಿಟ್ಟು ಕಬ್ಬು ಅರೆಯುವ ಕಡೆಗೆ ಬದಲಾಯಿಸಿಕೊಂಡಿದ್ದಾರೆ. ರಾತ್ರಿ ದೀಪ ಆರಿಸಲು ಬಿಡುವುದಿಲ್ಲ ಎಂದು ಹೆಂಡತಿ ಹೇಳಿದರು. ಬೆಳಿಗ್ಗೆ ಎಚ್ಚರವಾದ ಕೂಡಲೇ ಹೊದಿಕೆಯೊಳಗೆ ಎಡಗಾಲಿನ ಹೆಬ್ಬೆರಳನ್ನು ಎರಡು ಸಲ ಆಡಿಸುತ್ತಾರಂತೆ. ಆಮೇಲೆ ಕಣ್ಣು ಬಿಡುತ್ತಾರೆ.